ಸಹಾಯ ಬೇಕು: ಡ್ಯೂಕ್ ಎಲಿಂಗ್ಟನ್ ಸಂಗ್ರಹ ನೋಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಮಗಳ ಮನೆಗೆಂದು ಅಮೆರಿಕಕ್ಕೆ ಹೊರಟಿದ್ದೇನೆ. ವಾಷಿಂಗ್ಟನ್‌ನಲ್ಲಿ ಒಂದೇ ದಿನ ಸಿಗುತ್ತದೆ. ನಾನು ಜಾಸ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅವರ ಹಳೇ ಅಭಿಮಾನಿ. 1969ರ ಏಪ್ರಿಲ್ 29, ಅವರ 70ನೇ ಹುಟ್ಟುಹಬ್ಬ. ಅಂದು ಶ್ವೇತಭವನದಲ್ಲಿ ಅಧ್ಯಕ್ಷ ನಿಕ್ಸನ್, ಎಲಿಂಗ್ಟನ್‌ಗೆ ಅಮೆರಿಕದ ಅತ್ಯುನ್ನತ ನಾಗರಿಕ ಗೌರವವಾದ ಸ್ವಾತಂತ್ರ್ಯ ಪದಕ ಕೊಟ್ಟರು. ಆಮೇಲೆ ನಿಕ್ಸನ್ ತಾವೇ ಪಿಯಾನೋ ಮುಂದೆ ಕೂತು ಹುಟ್ಟುಹಬ್ಬದ ಹಾಡು ನುಡಿಸಿದರು. ಎಲಿಂಗ್ಟನ್ ಅವರ ತಂದೆ ಹಿಂದೆ ಅದೇ ಶ್ವೇತಭವನದಲ್ಲಿ ಆಗಾಗ ಬಟ್ಲರ್ ಕೆಲಸ ಮಾಡಿದವರು! ಎಂಥಾ ದಿನ, ಅಲ್ವಾ?

ಎಲಿಂಗ್ಟನ್ ಅವರ ಕೈಬರಹದ ಸಂಗೀತ, ಫೋಟೊ, ಪ್ರಶಸ್ತಿಗಳ ದೊಡ್ಡ ಸಂಗ್ರಹ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸ ಮ್ಯೂಸಿಯಂನಲ್ಲಿದೆ. ಸುಮ್ನೆ ಹೋದರೆ ತೋರಿಸುತ್ತಾರಾ, ಮೊದಲೇ ಬರೆದು ಕೇಳಬೇಕಾ? ಅವರ ಚಿತ್ರವಿರುವ 2009ರ ಕ್ವಾರ್ಟರ್ (25 ಸೆಂಟ್) ನಾಣ್ಯ ಯಾರ ಬಳಿಯಾದರೂ ಜಾಸ್ತಿ ಇದ್ದರೆ ತಿಳಿಸಿ, ದುಡ್ಡು ಕೊಡುತ್ತೇನೆ.