ಅಪ್‌ಡೇಟ್: ಲೆಸ್ಟರ್‌ನ ಅಲಾಟ್‌ಮೆಂಟ್ ತೋಟದಲ್ಲಿ ಮೊದಲ ವರ್ಷ

ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ. ಇಂಗ್ಲೆಂಡ್‌ನ ಲೆಸ್ಟರ್‌ನಲ್ಲಿ ಅಲಾಟ್‌ಮೆಂಟ್‌ನ (ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡು ಜಾಗ) ಅರ್ಧ ಪ್ಲಾಟ್ ಸಿಕ್ಕಿದೆ, ಸೊಂಟದೆತ್ತರ ಕಳೆ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೆ. ಇಲ್ಲಿ ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್. ಹೊಸಬರಿಗೆ ಅರ್ಧವೇ ಧಾರಾಳ.

ಇಡೀ ಜಾಗ ಅಗೆಯಬೇಡಿ ಅಂದಿದ್ದಿರಲ್ಲ, ಅದೇ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಒಂದು ಮೂಲೆಯಲ್ಲಿ ಮಾತ್ರ ಪಾತಿ ಮಾಡಿದೆವು. ಉಳಿದದ್ದಕ್ಕೆ ಬೆಳಕು ತೂರದ ಕಪ್ಪು ಶೀಟ್ ಹೊದಿಸಿದೆವು. ಬೈಂಡ್‌ವೀಡ್ ಅನ್ನೋ ಹಬ್ಬುವ ಕಳೆಯ ಬೇರಿನ ಸಣ್ಣ ಚೂರು ಉಳಿದರೂ ಮತ್ತೆ ಚಿಗುರುತ್ತದೆ. ರೋಟವೇಟರ್ (ಮಣ್ಣು ಉಳುವ ಯಂತ್ರ) ಬೇರನ್ನು ಚೂರುಚೂರು ಮಾಡುತ್ತದೆ, ಅದಕ್ಕೇ ಅದನ್ನು ಹೊಡೆಸಲಿಲ್ಲ, ಫೋರ್ಕ್‌ನಲ್ಲಿ ಮಣ್ಣು ಸಡಿಲ ಮಾಡಿ ಕೈಯಲ್ಲೇ ಬೇರು ಆರಿಸಿದೆವು. ನಿಧಾನದ ಕೆಲಸ, ಆದರೆ ಆ ಪಾತಿ ಈಗಲೂ ಚೊಕ್ಕಟವಾಗಿದೆ.

ಮೆಂತ್ಯ ಸೊಪ್ಪು ಸುಲಭವಾಗಿ ಬಂತು. ಕೊತ್ತಂಬರಿ ಮಾತ್ರ ಜೂನ್‌ನ ಉದ್ದ ಹಗಲಿಗೆ ಬೇಗ ಹೂ ಬಿಟ್ಟುಬಿಡುತ್ತದೆ. ಆಗಸ್ಟ್ ಕೊನೆಗೆ ಬಿತ್ತಿದ್ದು ಸೊಂಪಾಗಿ ಬೆಳೆಯಿತು. ಅವರೆ ಆಸೆ ಬಿಟ್ಟಿದ್ದೇವೆ. ಅದರ ಹಳೇ ತಳಿಗಳು ಹಗಲು ಚಿಕ್ಕದಾದ ಮೇಲೆ ಹೂ ಬಿಡುವುದು, ಅಷ್ಟರಲ್ಲಿ ಇಲ್ಲಿ ಚಳಿ ಬಂದಿರುತ್ತದೆ ಅಲ್ವಾ. ಅದರ ಬದಲು ರನ್ನರ್ ಬೀನ್ಸ್ ಹಾಕಿದೆವು. ಎಳೆಯದರಲ್ಲಿ ಕಿತ್ತರೆ ಪಲ್ಯಕ್ಕೆ ತುಂಬಾ ಚೆನ್ನ!

ಈಗ ಬೆಳ್ಳುಳ್ಳಿ ಎಸಳು ಊರಿದ್ದೇವೆ. ಜುಲೈ ಹೊತ್ತಿಗೆ ಕೀಳಬಹುದು. ಶೆಡ್ ಕಟ್ಟಲು ನಮ್ಮ ಸೈಟ್‌ನಲ್ಲಿ ಲಿಖಿತ ಒಪ್ಪಿಗೆ ಬೇಕು, ಅರ್ಜಿ ಕೊಟ್ಟಿದ್ದೇವೆ.