ಹಾರುವ ವಿಮಾನಕ್ಕೆ ಗ್ರೌಂಡ್ ಎಲ್ಲಿದೆ? ಹ್ಯಾಂಗರ್‌ಗೆ ಹೊರಟ ವಿದ್ಯಾರ್ಥಿನಿಗೆ ಕೆಲಸ ಬಲ್ಲವರ ಮಾತು

ಪ್ರಶ್ನೆ: ವಿದ್ಯಾರ್ಥಿನಿ, ಡೊಂಬಿವಿಲಿ

ಎಲ್ಲರಿಗೂ ನಮಸ್ಕಾರ. ವಿಮಾನ ನಿರ್ವಹಣೆಯ ಕೋರ್ಸಿನಲ್ಲಿ ಬಿ2, ಅಂದರೆ ಏವಿಯಾನಿಕ್ಸ್ (ವಿಮಾನದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್) ಓದುತ್ತಿದ್ದೇನೆ. ಗ್ರೌಂಡಿಂಗ್, ಬಾಂಡಿಂಗ್ ಎರಡನ್ನೂ ಪರೀಕ್ಷೆಗೆ ಬರೆಯಬಲ್ಲೆ, ಆದರೆ ತಲೆಗೆ ಇಳಿದಿಲ್ಲ. ಮನೆಯ ಅರ್ಥಿಂಗ್ ತಂತಿ ಮಣ್ಣಿಗೆ ಹೋಗುತ್ತದೆ. ಆಕಾಶದಲ್ಲಿರುವ ವಿಮಾನಕ್ಕೆ ಮಣ್ಣೇ ಇಲ್ಲವಲ್ಲ? ಮುಂದಿನ ತಿಂಗಳಿಂದ ಹ್ಯಾಂಗರ್, ಅಂದರೆ ವಿಮಾನ ದುರಸ್ತಿಯ ಶೆಡ್ಡಿನಲ್ಲಿ ತರಬೇತಿ. ಕೆಲಸ ಮಾಡಿ ಕೈ ಪಳಗಿದವರು ಇದ್ದರೆ ದಯವಿಟ್ಟು ಹೇಳಿ, ನಾನು ಏನನ್ನು ಗಮನಿಸಬೇಕು?

ಪುಣೆಯಿಂದ, ಸಣ್ಣ ತರಬೇತಿ ವಿಮಾನಗಳ ಕೆಲಸದವರು

ಮಣ್ಣನ್ನು ಸದ್ಯಕ್ಕೆ ಮರೆತುಬಿಡಿ. ಕರೆಂಟು ಎಲ್ಲಿಂದ ಹೊರಟಿತೋ ಅಲ್ಲಿಗೇ ಮರಳಬೇಕು, ಅಷ್ಟೇ. ಬ್ಯಾಟರಿಯ ಪ್ಲಸ್‌ನಿಂದ ತಂತಿ ಹಿಡಿದು ದೀಪಕ್ಕೆ ಹೋಗುತ್ತದೆ. ಮರಳಲು ಇನ್ನೊಂದು ತಂತಿ ಎಳೆದರೆ ತೂಕ ಹೆಚ್ಚುತ್ತದೆ, ಅದಕ್ಕೇ ವಿಮಾನದ ಅಲ್ಯೂಮಿನಿಯಂ ಮೈಯನ್ನೇ ದಾರಿಯಾಗಿ ಬಳಸುತ್ತಾರೆ. ನಿಮ್ಮ ಮನೆಯ ಸ್ಕೂಟರಿನಲ್ಲೂ ಬ್ಯಾಟರಿಯ ಮೈನಸ್ ಚಾಸಿಗೇ ಕೂತಿರುತ್ತದೆ. ದೊಡ್ಡ ವಿಮಾನದ 115 ವೋಲ್ಟ್, 400 ಹರ್ಟ್ಸ್ ಎ.ಸಿ.ಯಲ್ಲೂ ನ್ಯೂಟ್ರಲ್ ಸೇರುವುದು ಏರ್‌ಫ್ರೇಮಿಗೇ, ಅಂದರೆ ವಿಮಾನದ ಮೈಗೇ.

ಹಾಗಾಗಿ ತಂತಿಯನ್ನು ಮೈಗೆ ಸೇರಿಸುವ ಒಂದೊಂದು ಗ್ರೌಂಡ್ ಸ್ಟಡ್ಡೂ ಸರ್ಕ್ಯೂಟಿನ ಅರ್ಧ ಭಾಗ. ಅದನ್ನು ಬರೀ ಬೋಲ್ಟು ಎಂದು ನೋಡಬೇಡಿ.

ಒಂದು ದೂರು ಹೇಳುತ್ತೇನೆ. ಲ್ಯಾಂಡಿಂಗ್ ಲೈಟ್ ಹಾಕಿದ ಕೂಡಲೇ ಬಲ ಟ್ಯಾಂಕಿನ ಇಂಧನದ ಮುಳ್ಳು ಸರಿಯುತ್ತದೆ ಎಂದು ಪೈಲಟ್ ಬರೆದಿದ್ದರು. ಗೇಜ್ ಬದಲಾಗಿತ್ತು, ಟ್ಯಾಂಕಿನ ಸೆಂಡರ್ (ಇಂಧನದ ಮಟ್ಟವನ್ನು ಗೇಜಿಗೆ ತಿಳಿಸುವ ಭಾಗ) ಬದಲಾಗಿತ್ತು, ದೂರು ಮಾತ್ರ ಹಾಗೇ ಇತ್ತು. ವೈರಿಂಗ್ ನಕ್ಷೆ ಬಿಡಿಸಿ ನೋಡಿದರೆ ಲೈಟಿಗೂ ಸೆಂಡರಿಗೂ ರೆಕ್ಕೆಯ ಬುಡದಲ್ಲಿ ಒಂದೇ ಸ್ಟಡ್. ನಟ್ ಗಟ್ಟಿಯಾಗಿಯೇ ಇತ್ತು. ಬಿಚ್ಚಿದಾಗ ಲಗ್ (ತಂತಿಯ ತುದಿಯ ಲೋಹದ ಬಳೆ) ಅಡಿಯಲ್ಲಿ ಹಳದಿ ಪ್ರೈಮರ್, ಅದರ ಅಂಚಿನಲ್ಲಿ ಬಿಳಿ ಪುಡಿ. ಹಿಂದೆಂದೋ ಬಣ್ಣ ಬಳಿದು ಅದರ ಮೇಲೇ ಲಗ್ ಕೂರಿಸಿದ್ದರು. ಕರೆಂಟು ಬೋಲ್ಟಿನ ಥ್ರೆಡ್ ಮೂಲಕ ಹೇಗೋ ನುಸುಳಿಕೊಂಡು ಹೋಗುತ್ತಿತ್ತು.

ಲೆಕ್ಕ ಹಾಕಿ. ಇಂಥ ಜಾಯಿಂಟಿನಲ್ಲಿ 0.1 ಓಮ್ ಇದ್ದು 10 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ಬೀಳುತ್ತದೆ. 28 ವೋಲ್ಟಿನ ಲೈಟಿಗೆ 1 ವೋಲ್ಟ್ ಹೋದರೆ ಕಣ್ಣಿಗೆ ಕಾಣುವುದೂ ಕಷ್ಟ. ಗೇಜಿನ ಪಾಡು ಬೇರೆ. ಅದು ಸೊನ್ನೆ ಎಂದು ನಂಬಿದ್ದ ಜಾಗವೇ ಮೇಲೇರಿರುತ್ತದೆ, ಮುಳ್ಳು ಸುಳ್ಳು ಹೇಳತೊಡಗುತ್ತದೆ. ಅಮೆರಿಕದ ವಿಮಾನಯಾನ ಆಡಳಿತದ ಎ.ಸಿ. (ಅಡ್ವೈಸರಿ ಸರ್ಕ್ಯುಲರ್) 43.13-1ಬಿ ಕೈಪಿಡಿ ಬ್ಯಾಟರಿಯ ಗ್ರೌಂಡಿನಿಂದ ಉಪಕರಣದ ಗ್ರೌಂಡಿನವರೆಗೆ 0.005 ಓಮ್ ಇದ್ದರೆ ಸರಿ ಎನ್ನುತ್ತದೆ. ಅದೇ 10 ಆಂಪಿಯರಿಗೆ 50 ಮಿಲಿವೋಲ್ಟ್ ಮಾತ್ರ. ಉಪಕರಣವನ್ನು ಆನ್ ಮಾಡಿ, ಮೀಟರಿನ ಒಂದು ಕಡ್ಡಿ ಅದರ ಗ್ರೌಂಡ್ ಲಗ್ ಮೇಲೆ, ಇನ್ನೊಂದು ಬ್ಯಾಟರಿಯ ಮೈನಸ್ ಮೇಲೆ ಇಟ್ಟು ವೋಲ್ಟ್ ಓದಿ. ಕರೆಂಟು ಹರಿಯುತ್ತಿರುವಾಗಲೇ ಅಳೆಯಬೇಕು. ಕೆಟ್ಟ ಜಾಯಿಂಟು ಸುಮ್ಮನಿದ್ದಾಗ ಒಳ್ಳೆಯದರಂತೆಯೇ ಕಾಣುತ್ತದೆ.

ಸರಿಮಾಡುವಾಗ ಲಗ್‌ಗಿಂತ ಚೂರು ಅಗಲವಾಗಿ ಬಣ್ಣ ತೆಗೆದು, ಲೋಹ ಹೊಳೆಯುವಂತೆ ಮಾಡಿ, ಅಲೋಡಿನ್ ಹಚ್ಚಿ. ಅದು ತೆಳು ಲೇಪ, ಕರೆಂಟು ಬಿಡುತ್ತದೆ. ಆನೊಡೈಜ್ ಮಾಡಿದ, ಅಂದರೆ ಗಟ್ಟಿ ಆಕ್ಸೈಡ್ ಪದರ ಬೆಳೆಸಿದ ಮೈ ಬಿಡುವುದಿಲ್ಲ, ಅಲ್ಲಿ ಹೊಳಪು ನೋಡಿ ಮೋಸಹೋಗಬೇಡಿ. ವಿಮಾನದ ನಿರ್ವಹಣಾ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಬಿಗಿದು, ಅಳೆದು, ಆಮೇಲೆ ಸೀಲ್ ಮಾಡಬೇಕು. ಒಂದೇ ಸ್ಟಡ್ಡಿಗೆ ನಾಲ್ಕಕ್ಕಿಂತ ಹೆಚ್ಚು ಲಗ್ ಬೇಡ.

ಮುಂಬೈ, ಸಾಂತಾಕ್ರೂಜ್‌ನಿಂದ, ದೊಡ್ಡ ವಿಮಾನಗಳ ಕೆಲಸದವರು

ಪುಣೆಯವರು ಹೇಳಿದ್ದು ಕರೆಂಟು ಮರಳುವ ದಾರಿ. ಬಾಂಡಿಂಗ್‌ನ ಕೆಲಸ ವಿಮಾನದ ಲೋಹದ ಭಾಗಗಳೆಲ್ಲ ಒಂದೇ ವೋಲ್ಟೇಜಿನಲ್ಲಿ ಇರುವಂತೆ ನೋಡಿಕೊಳ್ಳುವುದು. ರೆಕ್ಕೆ, ಬಾಲದಲ್ಲಿ ಅಲುಗಾಡುವ ಐಲರಾನ್, ಫ್ಲಾಪ್, ರಡರ್ ಹಿಂಜಿನ ಹತ್ತಿರ ಹೆಣೆದ ತಂತಿಯ ಪಟ್ಟಿ ಕಾಣುತ್ತದಲ್ಲ, ಅದೇ ಬಾಂಡಿಂಗ್ ಜಂಪರ್. ಸಿಡಿಲು ಬಡಿದಾಗ ಆ ಪಟ್ಟಿ ಇಲ್ಲದಿದ್ದರೆ ಕರೆಂಟು ಹಿಂಜಿನ ಬೇರಿಂಗ್ ಮೂಲಕ ಹಾರುತ್ತದೆ, ಬೇರಿಂಗಿನಲ್ಲಿ ಗುಳಿ ಬೀಳುತ್ತದೆ, ಕಚ್ಚಿಕೊಳ್ಳಲೂಬಹುದು. ಈ ವಿಷಯದಲ್ಲಿ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. 1963ರ ಡಿಸೆಂಬರ್ 8ರಂದು ಅಮೆರಿಕದ ಎಲ್ಕ್‌ಟನ್ ಬಳಿ ಪ್ಯಾನ್ ಆಮ್‌ನ ಬೋಯಿಂಗ್ 707ಕ್ಕೆ ಸಿಡಿಲು ಬಡಿದು, ರೆಕ್ಕೆಯ ಟ್ಯಾಂಕಿನ ಆವಿ ಹೊತ್ತಿ, ಒಳಗಿದ್ದ 81 ಜನರೂ ತೀರಿಕೊಂಡರು. ಟ್ಯಾಂಕಿನ ಸುತ್ತ ಒಂದು ಕಿಡಿಯೂ ಏಳಬಾರದು ಎಂಬ ಇಂದಿನ ಕಟ್ಟುನಿಟ್ಟಿನ ಹಿಂದೆ ಅಂಥ ಸಾವುಗಳಿವೆ.

ಜಂಪರ್ ನೋಡುವಾಗ ಎಳೆ ತುಂಡಾಗಿದೆಯೇ, ಮೇಲೆ ಬಣ್ಣ ಬಿದ್ದಿದೆಯೇ ನೋಡಿ. ಕಂಟ್ರೋಲನ್ನು ಎರಡೂ ಕೊನೆಯವರೆಗೆ ತಿರುಗಿಸಿ ಎಲ್ಲೂ ಎಳೆಯುತ್ತಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಜಂಪರಿನ ಮಿತಿ ಅದೇ ಕೈಪಿಡಿಯ ಪ್ರಕಾರ 0.003 ಓಮ್. ಮಾಮೂಲಿ ಮಲ್ಟಿಮೀಟರಿನಿಂದ ಅದನ್ನು ಅಳೆಯಲಾಗದು, ಅದರ ತಂತಿಗಳದ್ದೇ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ನಾಲ್ಕು ತಂತಿಯ ಮಿಲಿಓಮ್ ಮೀಟರನ್ನೇ ಕೇಳಿ ತೆಗೆದುಕೊಳ್ಳಿ.

ರೆಕ್ಕೆಯ ಹಿಂದಂಚಿನ ಕಡ್ಡಿಗಳು, ಸ್ಟಾಟಿಕ್ ವಿಕ್, ಸಿಡಿಲು ತಡೆಯುವುದಕ್ಕಲ್ಲ. ಮಳೆ, ಮೋಡದಲ್ಲಿ ಹಾದಾಗ ಮೈಮೇಲೆ ಸೇರುವ ಚಾರ್ಜನ್ನು ಮೆಲ್ಲಗೆ ಗಾಳಿಗೆ ಬಿಡುತ್ತವೆ. ಅವು ಕೆಟ್ಟರೆ ರೇಡಿಯೊದಲ್ಲಿ ಕರಕರ ಶುರು. ಮುಂಬೈ ಮಳೆಗಾಲದಲ್ಲಿ ರೇಡಿಯೊ ಗದ್ದಲದ ದೂರು ಬಂದರೆ ಪೆಟ್ಟಿಗೆ ಬಿಚ್ಚುವ ಮೊದಲು ವಿಕ್‌ಗಳನ್ನು ನೋಡಿ ಬನ್ನಿ.

ವಿದ್ಯಾರ್ಥಿನಿ, ಡೊಂಬಿವಿಲಿ

ತುಂಬಾ ಉಪಕಾರವಾಯಿತು. ಬೋಯಿಂಗ್ 787ರಂಥ ಕಾಂಪೊಸಿಟ್ (ಕಾರ್ಬನ್ ನಾರು, ರಾಳ ಸೇರಿಸಿ ಮಾಡಿದ) ವಿಮಾನದಲ್ಲಿ ಲೋಹದ ಮೈಯೇ ಇಲ್ಲ, ಅಲ್ಲಿ ಹೇಗೆ?

ಮುಂಬೈ, ಸಾಂತಾಕ್ರೂಜ್‌ನಿಂದ

ಒಳ್ಳೆಯ ಪ್ರಶ್ನೆ. 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೊಸಿಟ್. ಕಾರ್ಬನ್ ಫೈಬರ್ ಕರೆಂಟು ಬಿಡುತ್ತದೆ, ಆದರೆ ಅಲ್ಯೂಮಿನಿಯಂ ಮುಂದೆ ಏನೇನೂ ಸಾಲದು. ಹಾಗಾಗಿ ಒಳಗೆ ಲೋಹದ್ದೇ ಒಂದು ಮರಳು ದಾರಿಯ ಜಾಲ ಕಟ್ಟಿರುತ್ತಾರೆ, ಏರ್‌ಬಸ್ ಎ350ಯಲ್ಲೂ ಹಾಗೇ. ಹೊರಮೈಯಲ್ಲಿ ಬಣ್ಣದ ಅಡಿ ಸಿಡಿಲಿಗಾಗಿ ತೆಳ್ಳನೆಯ ಲೋಹದ ಜಾಲರಿ ಇರುತ್ತದೆ. ಅಂಥ ವಿಮಾನದಲ್ಲಿ ಕೈಗೆ ಸಿಕ್ಕ ಸ್ಕ್ರೂಗೆ ಗ್ರೌಂಡ್ ಕಟ್ಟುವುದು ದೊಡ್ಡ ತಪ್ಪು. ಬಣ್ಣ ಉಜ್ಜುವವರಿಗೂ ಜಾಲರಿಯ ನೆನಪಿರಬೇಕು.

ವಾಸ್ಕೋದಿಂದ, ನೌಕಾಪಡೆಯಿಂದ ನಿವೃತ್ತರು

ನೋಡವ್ವಾ ತಂಗಿ, ಇವರು ಹೇಳಿದ್ದೆಲ್ಲಾ ಖರೆ ಐತಿ. ನಂದು ಹೆಲಿಕಾಪ್ಟರ್ ಕೆಲಸ. ಗೋವಾದಾಗ ಕಡಲಗಾಳಿಗೆ ಉಪ್ಪು ಎಲ್ಲಾ ಕಡೆ ಹೊಕ್ಕೋತದ. ಬರೀ ತಾಮ್ರದ ಜಂಪರ್ ಅಲ್ಯೂಮಿನಿಯಂ ಮ್ಯಾಲೆ ಕೂರಿಸಿದ್ರ, ನಡುವ ಉಪ್ಪುನೀರು ಸೇರಿದ್ರ, ಅಲ್ಯೂಮಿನಿಯಂನ ತಿಂದ ಬಿಡ್ತದ. ಅದಕ್ಕ ಯಾವ ಲೋಹದ ಜಂಪರ್, ಯಾವ ವಾಷರ್ ಅಂತ ಮ್ಯಾನ್ಯುಯಲ್ ಹೇಳಿದ್ದನ್ನ ಬಿಟ್ಟು ಬ್ಯಾರೇದು ಹಾಕಬ್ಯಾಡ. ಮ್ಯಾಲೆ ಸೀಲಂಟ್ ಹಾಕೋದ್ ಮರೀಬ್ಯಾಡ.

ಮಣ್ಣ ಇಲ್ಲಲ್ಲಾ ಅಂದಿ. ಹೆಲಿಕಾಪ್ಟರ್ ರೆಕ್ಕಿ ಧೂಳಿಗೆ, ಮಳಿಹನಿಗೆ ತಿಕ್ಕಿ ಚಾರ್ಜ್ ಕೂಡಿಸ್ತಾವ, ಇಳಿದ್ಹೋಗಾಕ ದಾರಿ ಇರೂದಿಲ್ಲ. ಸಮುದ್ರದಾಗ ಬಿದ್ದಾವನ್ನ ಎತ್ತಾಕ ವಿಂಚಿನಿಂದ ಕೊಕ್ಕಿ ಇಳಿಸಿದ್ರ, ಅದು ಮೊದಲ ನೀರಿಗೆ ಮುಟ್ಟಬೇಕು, ಆಮ್ಯಾಲ ಮನಷಾ ಹಿಡೀಬೇಕು. ಮೊದಲ ಕೈ ಹಾಕಿದ್ರ ಜೋರ ಹೊಡೀತದ.

ಮುಂಬೈಯಿಂದ, ಇಂಧನ ತುಂಬಿಸುವ ಕೆಲಸದವರು

ಒಂದೇ ಮಾತು ಸೇರಿಸುತ್ತೇನೆ. ಇಂಧನ ಫಿಲ್ಟರ್, ಹೋಸ್ ಮೂಲಕ ಹರಿಯುವಾಗಲೇ ಚಾರ್ಜ್ ಹುಟ್ಟುತ್ತದೆ. ಬೌಸರ್‌ಗೂ (ಇಂಧನದ ಟ್ಯಾಂಕರ್) ವಿಮಾನಕ್ಕೂ ಬಾಂಡಿಂಗ್ ಕೇಬಲ್ ಮೊದಲು, ಹೋಸ್ ಆಮೇಲೆ. ಮುಗಿಸುವಾಗ ಹೋಸ್ ಮೊದಲು, ಕೇಬಲ್ ಕೊನೆಗೆ. ರೆಕ್ಕೆಯ ಮೇಲಿನಿಂದ ತುಂಬಿಸುವುದಾದರೆ ಮುಚ್ಚಳ ತೆರೆಯುವ ಮುಂಚೆಯೇ ನಾಜಲ್‌ನ ಬಾಂಡಿಂಗ್ ತಂತಿ ಸಿಕ್ಕಿಸಬೇಕು. ಕ್ಲಿಪ್ ಕಚ್ಚಬೇಕಾದದ್ದು ಅದಕ್ಕೆಂದೇ ಬಿಟ್ಟಿರುವ ಬಣ್ಣವಿಲ್ಲದ ಜಾಗವನ್ನು.

ಪುಣೆಯಿಂದ

ತರಬೇತಿ ಶುರುವಾಗುವ ಮೊದಲು ಮ್ಯಾನ್ಯುಯಲ್‌ನ ಅಧ್ಯಾಯ 20 ಓದಿಕೊಳ್ಳಿ, ಬಾಂಡಿಂಗ್‌ನ ವಿಧಾನವೆಲ್ಲ ಅಲ್ಲಿದೆ. ಹ್ಯಾಂಗರ್‌ನಲ್ಲಿ ಒಂದು ಗ್ರೌಂಡ್ ಸ್ಟಡ್ ಆರಿಸಿಕೊಂಡು, ಅದಕ್ಕೆ ಯಾವ ಯಾವ ಉಪಕರಣ ಸೇರುತ್ತವೆ ಎಂದು ವೈರಿಂಗ್ ನಕ್ಷೆಯಲ್ಲಿ ಹುಡುಕಿ ಬರೆದಿಡಿ. ಏನಾದರೂ ತೊಡಕಾದರೆ ಇಲ್ಲೇ ಕೇಳಿ, ನಕ್ಷೆಯ ಆ ಭಾಗ ವಿವರಿಸಿ, ಒಟ್ಟಿಗೆ ನೋಡೋಣ.