ಬಿಪಿ ಮಾತ್ರೆ ನುಂಗಿದ ಒಂದು ಗಂಟೆಗೇ ಉಸಿರು ಕಟ್ಟಿತು. ಮತ್ತೆ ಕೊಡಬಹುದಾ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 62 ವರ್ಷ. ಬಿಪಿ ಹತೋಟಿಗೆ ಬರಲಿಲ್ಲ ಅಂತ ಟೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಸೇರಿರುವ ಮಾತ್ರೆ ಕೊಟ್ಟರು. ಮೊದಲ ಮಾತ್ರೆ ನುಂಗಿ ಒಂದು ಗಂಟೆಯೊಳಗೆ ಚಳಿಜ್ವರ, ವಾಂತಿ, ಆಮೇಲೆ ಉಸಿರೇ ಸಿಗಲಿಲ್ಲ. ಎಕ್ಸ್-ರೇ ನೋಡಿ ನ್ಯುಮೋನಿಯಾ ಅಂದರು. ನಾಲ್ಕೇ ದಿನಕ್ಕೆ ಹುಷಾರಾಗಿ ಮನೆಗೆ ಬಂದರು. ನಾಳೆಯಿಂದ ಅದೇ ಮಾತ್ರೆ ಮುಂದುವರಿಸಿ ಅಂತ ಚೀಟಿಯಲ್ಲಿದೆ. ಸುಮ್ನೆ ಹೆದರುತ್ತಿದ್ದೀನಾ?

ಉತ್ತರ: ಸುಮ್ನೆ ಅಲ್ಲ. ನಾಳೆ ಆ ಮಾತ್ರೆ ಕೊಡಬೇಡಿ. ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ಬೇರೆ ಮಾತ್ರೆ ಬರೆಸಿಕೊಳ್ಳಿ. ಬಿಪಿಗೆ ಮಾತ್ರೆಯೇ ಇಲ್ಲದೆ ಇರುವುದೂ ಬೇಡ.

ಹೈಡ್ರೋಕ್ಲೋರೋಥಯಾಜೈಡ್ ಕೋಟ್ಯಂತರ ಜನ ನುಂಗುವ ಮಾತ್ರೆ. ತೀರಾ ಅಪರೂಪಕ್ಕೆ, ನುಂಗಿದ ಕೆಲವು ನಿಮಿಷ ಅಥವಾ ಗಂಟೆಗಳಲ್ಲಿ ಶ್ವಾಸಕೋಶದೊಳಗೆ ನೀರು ತುಂಬಿಕೊಳ್ಳುತ್ತದೆ. ಹೃದಯ ಸರಿಯಾಗೇ ಇರುತ್ತದೆ, ಸೋರುವುದು ಶ್ವಾಸಕೋಶದ ಸಣ್ಣ ರಕ್ತನಾಳ. ಮೈಯಿಂದ ನೀರು ಹೊರಹಾಕಲು ಕೊಡುವ ಮಾತ್ರೆಯೇ ಹೀಗೆ ಮಾಡುತ್ತದೆ, ವಿಚಿತ್ರ ಅಲ್ವಾ! 1968ರಷ್ಟು ಹಿಂದೆಯೇ ಇದು ವರದಿಯಾಗಿದೆ. ಹೆಂಗಸರಲ್ಲೇ ಜಾಸ್ತಿ ಕಂಡಿದೆ.

ಜ್ವರ, ಕೆಮ್ಮು, ಎಕ್ಸ್-ರೇಯಲ್ಲಿ ಬಿಳಿ ಮಚ್ಚೆ ಇದ್ದರೆ ಯಾರಾದರೂ ಮೊದಲು ನ್ಯುಮೋನಿಯಾ ಎಂದೇ ಅಂದುಕೊಳ್ಳುತ್ತಾರೆ. ಅದರಲ್ಲಿ ತಪ್ಪು ಹುಡುಕಲಾರೆ. ಮಾತ್ರೆ ನಿಲ್ಲಿಸಿ ಆಕ್ಸಿಜನ್ ಕೊಟ್ಟರೆ ಬಹುತೇಕರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ, ಆಂಟಿಬಯಾಟಿಕ್ ಕೆಲಸ ಮಾಡಿತು ಅನ್ನಿಸುತ್ತದೆ. ಮನೆಗೆ ಹೋಗಿ ಅದೇ ಮಾತ್ರೆ ನುಂಗಿದಾಗ ಮತ್ತೆ ಅದೇ ಕಥೆ. ಎರಡನೇ ಸಲ ಇನ್ನೂ ಜೋರಾಗಿರಬಹುದು, ಜೀವಕ್ಕೇ ಅಪಾಯವಾಗಬಹುದು.

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಹಾಗಾಗಿ ಮಾತ್ರೆ ನುಂಗಿದ ಹೊತ್ತು, ಉಸಿರು ಕಟ್ಟಿದ ಹೊತ್ತು ಎರಡನ್ನೂ ಬರೆದು ತೋರಿಸಿ. ಹಿಂದೆ ಯಾವಾಗಲಾದರೂ ಇದೇ ಮಾತ್ರೆ ತೆಗೆದುಕೊಂಡಿದ್ದರಾ, ಕೇಳಿ ನೋಡಿ.

ಪ್ರಶ್ನೆ: ಹಿಂದಿನ ವರ್ಷ ಲೊಸಾರ್ಟಾನ್-ಎಚ್ ಅಂತ ಒಂದು ಮಾತ್ರೆ ಎರಡು ದಿನ ತೆಗೆದುಕೊಂಡಿದ್ದರಂತೆ. ಆಗಲೂ ಚಳಿ, ವಾಂತಿ ಆಗಿ ತಾವೇ ಬಿಟ್ಟರಂತೆ.

ಉತ್ತರ: ಆ ‘ಎಚ್’ ಅಂದರೆ ಇದೇ ಹೈಡ್ರೋಕ್ಲೋರೋಥಯಾಜೈಡ್. ಈ ಮಾತು ಡಾಕ್ಟರಿಗೆ ಹೇಳಲೇಬೇಕು. ಇನ್ನು ಮುಂದೆ ಯಾವ ಆಸ್ಪತ್ರೆಗೆ ಹೋದರೂ ‘ಈ ಔಷಧ ಆಗುವುದಿಲ್ಲ’ ಅಂತ ಚೀಟಿಯ ಮೇಲೆ ಬರೆಸಿ. ಬ್ರ್ಯಾಂಡ್ ಹೆಸರು ನಂಬಬೇಡಿ, ಮಾತ್ರೆಯ ಸ್ಟ್ರಿಪ್ ಹಿಂದಿರುವ ಸಣ್ಣ ಅಕ್ಷರ ಓದಿ.

ಇನ್ನೊಬ್ಬರ ಪ್ರಶ್ನೆ: ಸರ್, ನನಗೆ ಬಿಪಿಗೆ ಎನಲಪ್ರಿಲ್ ಮಾತ್ರೆ ಶುರುವಾದಾಗಿನಿಂದ ಒಣಕೆಮ್ಮು. ಇದೂ ಅದೇನಾ?

ಉತ್ತರ: ಅಲ್ಲ. ಅದು ಆ ಗುಂಪಿನ ಮಾತ್ರೆಗಳಲ್ಲಿ ಸಾಮಾನ್ಯ, ಶ್ವಾಸಕೋಶಕ್ಕೆ ಏಟಿಲ್ಲ. ಮಾತ್ರೆ ಬದಲಾಯಿಸಿದ ಮೇಲೆ ಕೆಲವು ವಾರಗಳಲ್ಲಿ ಹೋಗುತ್ತದೆ. ಆದರೆ ತುಟಿ, ನಾಲಿಗೆ ಊದಿಕೊಂಡರೆ ಫೋನ್ ಮಾಡುತ್ತಾ ಕೂರಬೇಡಿ, ನೇರ ತುರ್ತು ಚಿಕಿತ್ಸೆಗೆ ಹೋಗಿ.